ನೋಡಿಕೊಳ್ಳುವವರಿಗೆ ಯಾರು ಹೇಳುವುದು?



ಇಂದು ನಾನು ಮಾತಾಡಲು ಹೊರಟಿರುವುದು ರೋಗಿಗಳ ಬಗ್ಗೆ ಅಲ್ಲ, ರೋಗಿಯನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವವರ ಬಗ್ಗೆ. ಮುದಿ ಅತ್ತೆಯನ್ನು ಮೀಯಿಸುವ ಸೊಸೆ, ಗಂಡನಿಗೆ ಗಂಜಿ ಕುಡಿಸುವ ಹೆಂಡತಿ, ಏಳಲಾರದ ಮಗನನ್ನು ಎತ್ತಿ ಎತ್ತಿ ಸೊಂಟ ಹಿಡಿದುಹೋದ ತಾಯಿ, ಇಂಥವರು ನಮ್ಮ ಕಾಸರಗೋಡಿನ ಯಾವ ಊರಿನಲ್ಲಿ ಇಲ್ಲ ಹೇಳಿ? ಇವರಿಗೆ ಸಂಬಳವಿಲ್ಲ, ರಜೆಯಿಲ್ಲ. ತರಬೇತಿಯಂತೂ ಮೊದಲೇ ಇಲ್ಲ. ಇವರಿಗೆ ಗೊತ್ತಿರಬೇಕಾದ ಸಂಗತಿಗಳನ್ನು ಇವರಿಗೆ ಯಾರು ಹೇಳುತ್ತಾರೆ, ಯಾವಾಗ ಹೇಳುತ್ತಾರೆ, ಯಾವ ಭಾಷೆಯಲ್ಲಿ ಹೇಳುತ್ತಾರೆ ಎಂಬುದೇ ಇವತ್ತಿನ ವಿಷಯ.

ನಾನು ಡಾಕ್ಟರನೂ ಅಲ್ಲ, ಸಮಾಜಸೇವಕನೂ ಅಲ್ಲ. ಮೆಟ್ರಿಕ್ ಪಾಸಾಗಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು, 38 ವರ್ಷ ಕೌಂಟರಿನ ಹಿಂದೆ ಕೂತು 2020ರಲ್ಲಿ ನಿವೃತ್ತನಾದವನು. ಮರುವರ್ಷ ನನ್ನ ಹೆಂಡತಿಗೆ ಪಕ್ಷವಾತ ಬಡಿಯಿತು. ಅಂದಿನಿಂದ ನನಗೆ ಎರಡನೆಯ ನೌಕರಿ. ಆದರೆ ಹೆಂಡತಿಯ ವಿಷಯಕ್ಕೆ ಬರುವ ಮೊದಲು ಕೌಂಟರಿನ ಒಂದು ಸಂಗತಿ ಹೇಳಿಬಿಡಬೇಕು. ಅದನ್ನು ಹೇಳದೆ ಮುಂದಿನದನ್ನು ಹೇಳುವ ಅಧಿಕಾರ ನನಗಿಲ್ಲ.

2009ರ ಮಳೆಗಾಲ. ಒಬ್ಬ ಹೆಂಗಸು ಗಂಡನ ಪಾಸ್‌ಬುಕ್ ಹಿಡಿದುಕೊಂಡು ಬಂದಳು. ಖಾತೆ ಗಂಡನೊಬ್ಬನ ಹೆಸರಿನಲ್ಲಿ. ಗಂಡನಿಗೆ ಬಲಗೈ ಬಲಗಾಲು ಸ್ವಾಧೀನವಿಲ್ಲ, ರುಜು ಹಾಕಲು ಬರುವುದಿಲ್ಲ. ಮದ್ದಿಗೆ ಎರಡು ಸಾವಿರ ರೂಪಾಯಿ ಬೇಕು. ನಾನು ಹೇಳಿದೆ, ‘ಅಕ್ಕಾ, ಯಜಮಾನರು ಬಾರದೆ ಆಗುವುದಿಲ್ಲ. ಕರೆದುಕೊಂಡು ಬನ್ನಿ.’ ‘ಅವರಿಗೆ ಏಳ್ಲಿಕ್ಕೇ ಆಗುದಿಲ್ಲ ಸಾರ್’ ಎಂದಳು. ‘ಏನು ಮಾಡುವುದು, ರೂಲು ಹಾಗೆ’ ಎಂದೆ. ಮೂರನೆಯ ದಿನ ಅವಳು 14 ಕಿಲೋಮೀಟರ್ ದೂರದಿಂದ ಜೀಪು ಮಾಡಿಕೊಂಡು, ಹಿಂದಿನ ಸೀಟಿನಲ್ಲಿ ಚಾಪೆ ಹಾಸಿ ಗಂಡನನ್ನು ಮಲಗಿಸಿಕೊಂಡು ಬಂದಳು. ನಾನು ಸ್ಟಾಂಪ್ ಪ್ಯಾಡ್ ಹಿಡಿದು ಕೊಡೆ ಬಿಡಿಸಿಕೊಂಡು ಜೀಪಿನ ಹತ್ತಿರಕ್ಕೇ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಆ ಎರಡು ಸಾವಿರದಲ್ಲಿ ಜೀಪಿನ ಬಾಡಿಗೆಗೆ ಎಷ್ಟು ಹೋಯಿತೋ ನಾನು ಕೇಳಲಿಲ್ಲ. ಮಳೆಯಲ್ಲಿ ಹೊರಗೆ ಹೋಗಿ ಕೆಲಸ ಮಾಡಿಕೊಟ್ಟೆನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ರೂಲು ಹಾಗಿರಲಿಲ್ಲ ಶ್ರೋತೃಗಳೇ. ಹಾಸಿಗೆ ಹಿಡಿದ ಖಾತೆದಾರನ ಬಳಿಗೆ ಬ್ಯಾಂಕಿನವರೇ ಹೋಗಿ ಹೆಬ್ಬೆಟ್ಟು ತೆಗೆದುಕೊಳ್ಳುವುದಕ್ಕೆ ರಿಸರ್ವ್ ಬ್ಯಾಂಕಿನ ಸೂಚನೆ ಇತ್ತು. ಅದು ನನ್ನ ಮೇಜಿನ ಹಿಂದಿನ ಕಪಾಟಿನ ಫೈಲಿನಲ್ಲೇ ಇತ್ತು. ಅವಳಿಗೆ ಗೊತ್ತಿರಲಿಲ್ಲ, ಹಾಗಾಗಿ ಕೇಳಲಿಲ್ಲ. ಅವಳು ಕೇಳಲಿಲ್ಲ, ಹಾಗಾಗಿ ನಾನು ಹೇಳಲಿಲ್ಲ. ಆ ಸೂಚನೆ ಏನೆಂಬುದನ್ನು ಆಮೇಲೆ ವಿವರವಾಗಿ ಹೇಳುತ್ತೇನೆ.

ಈಗ ನನ್ನ ಮನೆಗೆ ಬನ್ನಿ. 2021ರ ಆಗಸ್ಟಿನಲ್ಲಿ ನನ್ನಾಕೆ ಬೆಳಗ್ಗೆ ಅಂಗಳ ಗುಡಿಸುತ್ತಿದ್ದವಳು ಕುಸಿದು ಕೂತಳು. ಬಾಯಿ ಒಂದು ಬದಿಗೆ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು, ಮಾತು ತೊದಲುತ್ತಿತ್ತು. ಪಿತ್ತವಿರಬಹುದೆಂದು ನಿಂಬೆ ಶರಬತ್ತು ಕುಡಿಸುತ್ತ ಒಂದು ಗಂಟೆ ಕಳೆದೆವು. ಈ ಮೂರು ಲಕ್ಷಣ ಕಂಡರೆ ಒಂದು ಗುಟುಕನ್ನೂ ಕುಡಿಸದೆ ಹೊರಡಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಕೊಡುವುದಾದರೆ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗವೋ ಅಷ್ಟು ಗುಣ. ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ನಮ್ಮ ಮಟ್ಟಿಗೆ ಆಸ್ಪತ್ರೆ ಎಂದರೆ ಮಂಗಳೂರು ಎಂಬುದು ಅಜ್ಜನ ಕಾಲದ ರೂಢಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ರೂಢಿಯನ್ನೇ ನಂಬಿದ್ದ ಹಲವು ರೋಗಿಗಳು ಚಿಕಿತ್ಸೆ ಸಿಗದೆ ತೀರಿಕೊಂಡದ್ದು ನಿಮಗೆಲ್ಲ ನೆನಪಿದೆ. ಗಡಿಯ ಈಚೆಗೆ ಯಾವ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ ಎಂದು ಆರೋಗ್ಯವಿದ್ದಾಗಲೇ ವಿಚಾರಿಸಿ ಇಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ 12 ದಿನ ಇದ್ದೆವು. ಬಿಡುಗಡೆಯ ದಿನ ಬಿಲ್ಲಿನ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು, ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂದು ಹೇಳುವುದಕ್ಕೆ ಮೂರು ನಿಮಿಷ. ಆ ಮೂರು ನಿಮಿಷವೂ ಹೇಗೆ ಹೋಯಿತೆಂದು ಕೇಳಿ. ಡಾಕ್ಟರು ಬೆಂಗಳೂರಿನಲ್ಲಿದ್ದ ನನ್ನ ಅಳಿಯನೊಡನೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಎದುರಿನ ಕುರ್ಚಿಯಲ್ಲಿ ಕೂತು ತಲೆಯಾಡಿಸಿದೆ. ನನ್ನ ನಾದಿನಿ ಬಾಗಿಲ ಹೊರಗೆ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ಅವಳು ಪುತ್ತೂರು ಕಡೆಯವಳು, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಾಳೆ. ಅಕ್ಕನನ್ನು ಮೀಯಿಸುವುದು, ಉಣ್ಣಿಸುವುದು, ಮಲ ಮೂತ್ರ ತೆಗೆಯುವುದು ಅವಳೇ ಎಂಬುದು ನಮಗೆಲ್ಲ ಆಗಲೇ ಗೊತ್ತಿತ್ತು. ಆದರೂ ಅವಳನ್ನು ಒಳಗೆ ಕರೆಯಬೇಕೆಂದು ಡಾಕ್ಟರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಹಣ ಕಟ್ಟುವವನಿಗೆ, ರುಜು ಹಾಕುವವನಿಗೆ, ಇಂಗ್ಲಿಷ್ ಬರುವವನಿಗೆ ಮಾಹಿತಿ ಸಿಗುತ್ತದೆ. ಎತ್ತಿ ಇಳಿಸುವ ಕೈಗೆ ಸಿಗುವುದಿಲ್ಲ.

ಇದರ ಫಲ ಹದಿನೈದೇ ದಿನದಲ್ಲಿ ಬಂತು. ಅನ್ನ ನುಂಗಲು ಕಷ್ಟ, ನೀರಾದದ್ದು ಸುಲಭವಾಗಿ ಇಳಿಯುತ್ತದೆ ಎಂದು ನಾವು ಲೆಕ್ಕ ಹಾಕಿದೆವು. ನಾದಿನಿ ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಲೋಟದಲ್ಲಿ ಹಿಡಿದು, ಮಲಗಿದ್ದವಳ ತಲೆಯನ್ನು ಸ್ವಲ್ಪ ಎತ್ತಿ ಕುಡಿಸುತ್ತಿದ್ದಳು. ಕುಡಿದಾಗಲೆಲ್ಲ ಕೆಮ್ಮು. ಆಮೇಲೆ ದನಿ ಗೊರಗೊರ. ಶೀತವೆಂದು ಕಷಾಯ ಮಾಡಿದೆವು, ಅದೂ ನೀರೇ. ಜ್ವರ ಏರಿ ಉಬ್ಬಸ ಬಂದಾಗ ಮತ್ತೆ ಆಸ್ಪತ್ರೆ, ಮತ್ತೆ ಒಂಬತ್ತು ದಿನ, ನ್ಯುಮೋನಿಯಾ. ‘ನೀರು ಶ್ವಾಸಕೋಶಕ್ಕೆ ಹೋಗಿದೆ, ಮನೆಯಲ್ಲಿ ತೆಳ್ಳಗಿನದನ್ನು ಕೊಡಬಾರದೆಂದು ಹೇಳಿರಲಿಲ್ಲವೇ?’ ಎಂದು ಅಲ್ಲಿಯ ಎಳೆಯ ಡಾಕ್ಟರೊಬ್ಬರು ಕೇಳಿದರು. ಅಳಿಯನಿಗೆ ಹೇಳಿರಬಹುದು. ಡಿಸ್ಚಾರ್ಜ್ ಕಾಗದದಲ್ಲಿ ಬರೆದೂ ಇತ್ತು, ಇಂಗ್ಲಿಷಿನಲ್ಲಿ, ಎರಡು ಶಬ್ದ. ನಾದಿನಿ ಅಂದು ರಾತ್ರಿ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು, ‘ಭಾವಾ, ನಾನೇ ಅಕ್ಕನನ್ನು ಕೊಲ್ಲುತ್ತಿದ್ದೆನಲ್ಲ’ ಎಂದು ಅತ್ತಳು. ಅವಳಿಗೆ ನಾನು ಏನೂ ಉತ್ತರ ಹೇಳಲಾಗಲಿಲ್ಲ.

ಆದ್ದರಿಂದ ಇದೊಂದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಪಕ್ಷವಾತ ಬಂದವರಿಗೆ ನುಂಗುವ ಶಕ್ತಿ ಕುಂದಿದ್ದರೆ ಅವರಿಗೆ ಎಲ್ಲಕ್ಕಿಂತ ಕಷ್ಟದ ವಸ್ತು ನೀರು. ಅದು ಹರಿಯುವ ವೇಗಕ್ಕೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಗಟ್ಟಿಯಾಗಿ ಕಲಸಿದ ರಾಗಿ ಅಂಬಲಿ, ನುರಿದ ಗಂಜಿ, ಕಿವುಚಿದ ಬಾಳೆಹಣ್ಣು ನಿಧಾನವಾಗಿ ಇಳಿಯುತ್ತವೆ. ಎಷ್ಟು ಗಟ್ಟಿ ಬೇಕು, ನೀರನ್ನು ಹೇಗೆ ಕೊಡಬೇಕು ಎಂಬುದನ್ನು ಡಾಕ್ಟರರಿಂದ ಕೇಳಿ ತಿಳಿಯಬೇಕು, ಎಲ್ಲರಿಗೂ ಒಂದೇ ಅಳತೆಯಲ್ಲ. ಮಲಗಿಸಿ ಕೊಡಲೇಬಾರದು. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಬಾಗಿಸಿ, ಚಿಕ್ಕ ಚಮಚದಲ್ಲಿ, ಸ್ವಾಧೀನವಿರುವ ಬದಿಯ ಬಾಯಿಗೆ ಕೊಡಬೇಕು. ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆಯಾದರೂ ಕೂತಿರಬೇಕು. ಸ್ವಾಧೀನವಿಲ್ಲದ ಬದಿಯ ಕೆನ್ನೆಯೊಳಗೆ ಅನ್ನ ಉಳಿದಿರುತ್ತದೆ, ಬೆರಳಿಗೆ ಬಟ್ಟೆ ಸುತ್ತಿ ತೆಗೆಯಬೇಕು. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವವರೂ ತಲೆಯ ಭಾಗವನ್ನು ಎತ್ತರಿಸಿಯೇ ಕೊಡಬೇಕು, ಕೊಟ್ಟ ಮೇಲೆ ನಳಿಕೆಯನ್ನು ಸ್ವಲ್ಪ ನೀರು ಹಾಕಿ ತೊಳೆಯಬೇಕು. ನಳಿಕೆ ಜರುಗಿದೆ ಎಂಬ ಸಂಶಯ ಬಂದರೆ ಕೊಡುವುದನ್ನು ನಿಲ್ಲಿಸಿ ನರ್ಸ್‌ಗೆ ತೋರಿಸಬೇಕು.

ಇಷ್ಟೂ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಎರಡನೆಯ ಸಲ ಮನೆಗೆ ಬಂದಾಗ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಹೇಳಿದಳು, ‘ಮಾಷೇ, ನೀವು ಪಾಲಿಯೇಟಿವ್‌ಗೆ ಯಾಕೆ ಹೆಸರು ಕೊಡಲಿಲ್ಲ?’ ಬ್ಯಾಂಕಿನವನನ್ನೂ ಇಲ್ಲಿ ಕೆಲವರು ಮಾಷೇ ಎನ್ನುತ್ತಾರೆ, ಇರಲಿ. ಪಾಲಿಯೇಟಿವ್ ಎಂದರೆ ಕ್ಯಾನ್ಸರಿನವರಿಗೆ, ಕೊನೆಯ ದಿನಗಳಿಗೆ ಎಂದು ನಾನು ತಿಳಿದಿದ್ದೆ. ಹೆಸರು ಕೊಡುವುದೇ ಅಪಶಕುನವೆಂದು ನನ್ನ ಮನಸ್ಸಿನಲ್ಲಿತ್ತು. ನಿಮ್ಮಲ್ಲಿ ಬಹಳ ಜನ ಹಾಗೆಯೇ ತಿಳಿದಿದ್ದೀರಿ. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಇದನ್ನು ಆರಂಭಿಸಿದ್ದು ಕ್ಯಾನ್ಸರ್ ನೋವಿನವರಿಗಾಗಿ ಎಂಬುದು ನಿಜ. ಆದರೆ ಅದು ಬೆಳೆದು ಊರೂರಿನ ಕೆಲಸವಾಯಿತು. 2008ರಲ್ಲಿ ಕೇರಳ ಸರಕಾರ ಇದಕ್ಕೊಂದು ನೀತಿಯನ್ನೇ ಹೊರಡಿಸಿತು. ಪಂಚಾಯತಿನ ಹಣದಲ್ಲಿ ನೇಮಿಸಿದ ನರ್ಸ್ ಮನೆಗೇ ಬಂದು ನೋಡುವ ಏರ್ಪಾಡು ಬಂತು. ಹಾಸಿಗೆ ಹಿಡಿದವರು ಯಾವ ಕಾಯಿಲೆಯವರಾದರೂ ಸರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ, ಆಶಾ ಕಾರ್ಯಕರ್ತೆಯಲ್ಲೋ, ವಾರ್ಡ್ ಮೆಂಬರಲ್ಲೋ ಹೆಸರು ಕೊಟ್ಟರೆ ಸಾಕು.

ನಮ್ಮ ಮನೆಗೆ ಬಂದ ಸಿಸ್ಟರ್ ತೆಂಕಣ ಕಡೆಯವಳು, ಕನ್ನಡದ ಗಂಧವಿಲ್ಲ. ನನಗೆ ಮಲಯಾಳ ಮಾತು ಬರುತ್ತದೆ, ಓದು ಬಸ್ಸಿನ ಬೋರ್ಡಿನಷ್ಟು. ನಾದಿನಿಗೆ ಮಾತೂ ಬಾರದು. ಸಿಸ್ಟರ್ ಕೊಟ್ಟ ಕಾಗದ ಮಲಯಾಳದಲ್ಲಿತ್ತು. ಅದನ್ನು ನಾನು ನನ್ನ ಜೇಬಿಗೆ ಹಾಕಿಕೊಳ್ಳಹೊರಟೆ. ಆಗ ಅವಳು ಕೇಳಿದ ಪ್ರಶ್ನೆಯನ್ನು ಮರೆಯಲಾರೆ. ‘ಆರಾಣ್ ನೋಕುನ್ನದ್?’ ನೋಡಿಕೊಳ್ಳುವುದು ಯಾರು? ನಾದಿನಿಯನ್ನು ತೋರಿಸಿದೆ. ಸಿಸ್ಟರ್ ನನ್ನನ್ನು ಬದಿಗೆ ಸರಿಸಿ, ನಾದಿನಿಯ ಎರಡೂ ಕೈ ಹಿಡಿದು, ‘ಚರಿಚ್ಚು ಕಿಡತ್ತಣಂ’ ಎನ್ನುತ್ತ ಮಗ್ಗುಲು ಮಲಗಿಸುವುದನ್ನು ಮಾಡಿಯೇ ತೋರಿಸಿದಳು. ಸೊಂಟದಿಂದ ಭುಜದವರೆಗೆ ಬರುವಂತೆ ಅಡ್ಡಕ್ಕೆ ಒಂದು ಹಳೆಯ ಪಂಚೆಯನ್ನು ಮಡಚಿ ಹಾಸುವುದು, ಆ ಪಂಚೆಯನ್ನು ಹಿಡಿದು ಉರುಳಿಸುವುದು. ಆಮೇಲೆ ನಾದಿನಿಯಿಂದ ಮೂರು ಸಲ ಮಾಡಿಸಿದಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಕಾಲು ಗಂಟೆಯಲ್ಲಿ ಕೆಲಸ ಕಲಿತಾಯಿತು.

ಮಗ್ಗುಲು ಬದಲಿಸುವುದು ಎರಡು ಗಂಟೆಗೊಮ್ಮೆ, ರಾತ್ರಿಯೂ. ಬೆನ್ನಿನ ಕೆಳಗೆ, ಪೃಷ್ಠದ ಎಲುಬಿನ ಮೇಲೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಆ ಕೆಂಪು ಬಿಳಿಚದಿದ್ದರೆ ಹುಣ್ಣು ಶುರುವಾಯಿತೆಂದು ಅರ್ಥ. ನಾವು ಅಲ್ಲಿ ತೆಂಗಿನೆಣ್ಣೆ ಹಾಕಿ ತಿಕ್ಕುತ್ತಿದ್ದೆವು. ತಿಕ್ಕಬಾರದು, ಒಳಗಿನ ಮಾಂಸ ಇನ್ನೂ ಜಜ್ಜಿಹೋಗುತ್ತದೆ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಮಲಗಿಸುವುದೇ ಮದ್ದು. ಗಾಳಿ ತುಂಬಿದ ಉಂಗುರದ ದಿಂಬು ಕೊಡಬಾರದು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು. ಏರ್ ಬೆಡ್ ತಂದೆವು, ಇನ್ನು ಮಗ್ಗುಲು ಬೇಡ ಎಂದುಕೊಳ್ಳುವವರಿದ್ದಾರೆ. ಏರ್ ಬೆಡ್ ಇದ್ದರೂ ಮಗ್ಗುಲು ಬೇಕು.

ಇನ್ನೊಂದು ತಪ್ಪು ನಾವು ಮಾತ್ರವಲ್ಲ, ನೋಡಲು ಬಂದ ನೆಂಟರೆಲ್ಲ ಮಾಡಿದ್ದು. ಏಳಿಸುವಾಗ ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆಯುವುದು. ಸ್ನಾಯುವಿಗೆ ಬಲವಿಲ್ಲದಾಗ ಆ ಭುಜದ ಕೀಲು ಸಡಿಲವಾಗಿರುತ್ತದೆ, ಎಳೆದರೆ ಜಾರುತ್ತದೆ. ನನ್ನಾಕೆಗೆ ಕಾಲಿನ ದುಃಖಕ್ಕಿಂತ ಭುಜದ ನೋವಿನ ದುಃಖವೇ ಹೆಚ್ಚು ತಿಂಗಳು ನಡೆಯಿತು. ಕೂತಾಗ ಆ ಕೈಯ ಅಡಿಗೆ ದಿಂಬು ಇಡಬೇಕು, ಜೋತುಬಿಡಬಾರದು. ಮೂತ್ರದ ಕೊಳವೆ ಹಾಕಿದವರ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಸಾಬೂನಿನಿಂದ ಕೈತೊಳೆಯಬೇಕು.

ಇವೆಲ್ಲ ದೇಹದ ಮಾತಾಯಿತು. ಯಾರೂ ಹೇಳದೆ ಇದ್ದದ್ದು ಇನ್ನೊಂದಿದೆ. ಮಿದುಳಿನ ಎಡಬದಿಗೆ ಪೆಟ್ಟಾದವರಿಗೆ ಮಾತು ಹೋಗುವುದುಂಟು. ಮಾತು ಹೋದರೆ ಬುದ್ಧಿ ಹೋಯಿತೆಂದಲ್ಲ. ನಾವು ಅವಳೆದುರಿಗೇ ಅವಳ ಬಗ್ಗೆ ಏನೇನೋ ಮಾತಾಡಿಕೊಂಡೆವು. ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳ ಬಾಯಲ್ಲಿ ಉಳಿದ ಶಬ್ದ ‘ಬೇಡ’ ಒಂದೇ. ಚಹಾ ಬೇಕೇ ಎಂದರೆ ‘ಬೇಡ’ ಎನ್ನುವಳು, ಲೋಟ ಒಯ್ದರೆ ಸಿಟ್ಟಾಗುವಳು. ಹಟ ಎಂದುಕೊಂಡು ಎರಡು ತಿಂಗಳು ನಾನೂ ಅವಳ ಮೇಲೆ ಸಿಟ್ಟು ಮಾಡಿದೆ. ಆಮೇಲೆ ತಿಳಿಯಿತು, ಹೌದು ಅಲ್ಲಗಳೇ ಇವರ ಬಾಯಲ್ಲಿ ಅದಲುಬದಲಾಗುತ್ತವೆ ಎಂದು. ಮುಖ ನೋಡಬೇಕು, ಕೈ ನೋಡಬೇಕು, ವಸ್ತುವನ್ನು ತಂದು ತೋರಿಸಿ ಕೇಳಬೇಕು. ಒಂದು ಸಂಜೆ ನಾದಿನಿ ದೀಪ ಹಚ್ಚಿ ಹಾಡು ಹೇಳುವಾಗ ಇವಳೂ ಎರಡು ಸಾಲು ಶಬ್ದ ಸಮೇತ ಹಾಡಿಬಿಟ್ಟಳು! ಮಾತು ಬಾರದವರಿಗೂ ಹಾಡು ಬರುವುದುಂಟಂತೆ. ಕಾರಣವಿಲ್ಲದೆ ಅಳುವುದು, ಊಟ ಬೇಡವೆನ್ನುವುದು, ಗೋಡೆಗೆ ಮುಖ ಮಾಡಿ ಮಲಗುವುದು ಕಂಡರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಪಕ್ಷವಾತ ಬಂದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಮನಸ್ಸು ಕುಗ್ಗುವ ಕಾಯಿಲೆ ಬರುತ್ತದೆ, ಅದಕ್ಕೆ ಮದ್ದಿದೆ.

ಭಾಷೆಯ ವಿಷಯಕ್ಕೆ ಬರುತ್ತೇನೆ. 1956ರ ನವೆಂಬರ್ ಒಂದರಿಂದ ನಾವು ಕೇರಳದವರು. ಆಸ್ಪತ್ರೆ ಕನ್ನಡದಲ್ಲಿ, ಸವಲತ್ತು ಮಲಯಾಳದಲ್ಲಿ, ಮದ್ದಿನ ಚೀಟಿ ಇಂಗ್ಲಿಷಿನಲ್ಲಿ, ಇದು ನಮ್ಮ ಸ್ಥಿತಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ, ಇಲಾಖೆಗಳ ಮುಖ್ಯಸ್ಥರೊಡನೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಡನೆ ಪತ್ರವ್ಯವಹಾರ ಮಾಡಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಹಕ್ಕು ಕೊಟ್ಟಿದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ನಾವು ಈ ಹಕ್ಕನ್ನು ಶಾಲೆಗೆ, ನೌಕರಿಗೆ, ಬೋರ್ಡಿಗೆ ಕೇಳಿದ್ದೇವೆ, ಮೆರವಣಿಗೆ ಮಾಡಿದ್ದೇವೆ. ಹಾಸಿಗೆ ಹುಣ್ಣಿನ ಬಗೆಗಿನ ಒಂದು ಪುಟದ ಕಾಗದವನ್ನು ಕನ್ನಡದಲ್ಲಿ ಕೊಡಿ ಎಂದು ನಾನಂತೂ ಕೇಳಿರಲಿಲ್ಲ. ಈಗ ನಮ್ಮ ಪಂಚಾಯತಿಗೆ ಕನ್ನಡದಲ್ಲೇ ಬರೆದು ಕೇಳಿದ್ದೇನೆ. ನೀವೂ ನಿಮ್ಮ ಪಂಚಾಯತಿಗೆ ಬರೆಯಿರಿ. ಒಬ್ಬನ ಅರ್ಜಿಗಿಂತ ಹತ್ತು ಜನರ ಅರ್ಜಿಗೆ ತೂಕ ಹೆಚ್ಚು ಎಂಬುದು ಕಚೇರಿಯ ಒಳಗೆ ಇದ್ದ ನನಗೆ ಗೊತ್ತು.

ಸವಲತ್ತಿನಲ್ಲಿ ಒಂದನ್ನು ಹೆಸರಿಟ್ಟು ಹೇಳುತ್ತೇನೆ, ಏಕೆಂದರೆ ಹೆಸರು ಗೊತ್ತಿಲ್ಲದಿದ್ದರೆ ಕೇಳುವುದೇ ಸಾಧ್ಯವಿಲ್ಲ. ‘ಆಶ್ವಾಸಕಿರಣಂ’ ಎಂಬುದು ರೋಗಿಗಲ್ಲ, ರೋಗಿಯನ್ನು ನೋಡಿಕೊಳ್ಳುವವರಿಗೆ ಎಂದೇ ಮಾಡಿದ ಯೋಜನೆ. ತಿಂಗಳಿಗೆ 600 ರೂಪಾಯಿ ಎಂದು ನಿಗದಿಯಾಗಿತ್ತು. ಹಣ ತಿಂಗಳುಗಟ್ಟಲೆ ಬಾಕಿ ಬೀಳುವುದೂ ಉಂಟು. ಹೊಸ ಅರ್ಜಿ ಯಾವಾಗ ತೆಗೆದುಕೊಳ್ಳುತ್ತಾರೆಂದು ಅಂಗನವಾಡಿಯಲ್ಲಿ ವಿಚಾರಿಸಿ. 600 ರೂಪಾಯಿಗೆ ಏನು ಬರುತ್ತದೆ ಎಂದು ನೀವು ನಗಬಹುದು. ನನ್ನ ನಾದಿನಿಯ ಕೆಲಸಕ್ಕೆ ಒಂದು ಹೆಸರಿದೆ, ಸರಕಾರದ ಕಾಗದದಲ್ಲಿ ಅದಕ್ಕೊಂದು ಕಾಲಂ ಇದೆ ಎಂದು ತಿಳಿದ ದಿನ ಅವಳ ಮುಖ ನಾನು ನೋಡಿದ್ದೇನೆ.

ಇನ್ನು ನನ್ನ ಸಾಲ ತೀರಿಸುವ ಭಾಗ. 2009ರಲ್ಲಿ ಆ ಹೆಂಗಸಿಗೆ ನಾನು ಹೇಳಬೇಕಾಗಿದ್ದದ್ದು ಇದು. ಖಾತೆದಾರ ಬ್ಯಾಂಕಿಗೆ ಬರಲಾರದ ರೋಗಿಯಾಗಿದ್ದು ಹೆಬ್ಬೆಟ್ಟು ಒತ್ತಬಲ್ಲನಾದರೆ, ಕೈಯ ಅಥವಾ ಕಾಲಿನ ಹೆಬ್ಬೆಟ್ಟನ್ನು ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳ ಎದುರಿಗೆ ಒತ್ತಿಸಬಹುದು. ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಎಂದರೆ ಅಧಿಕಾರಿ ಮನೆಗೆ ಹೋಗಬೇಕು. ಹೆಬ್ಬೆಟ್ಟೂ ಸಾಧ್ಯವಿಲ್ಲದಿದ್ದರೆ ಹಣ ತೆಗೆಯುವ ಚೀಟಿಯ ಮೇಲೆ ಒಂದು ಗುರುತು ಮಾಡಿಸಿದರೂ ಸಾಕು, ಸಾಕ್ಷಿಗಳು ಅದೇ ರೀತಿ. ಹಣವನ್ನು ಯಾರ ಕೈಗೆ ಕೊಡಬೇಕೆಂಬುದನ್ನು ರೋಗಿ ಸೂಚಿಸಬೇಕು, ಅವರನ್ನೂ ಇಬ್ಬರು ಸಾಕ್ಷಿಗಳು ಗುರುತಿಸಬೇಕು. 2017ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇನ್ನೂ ಮುಂದೆ ಹೋಗಿ, 70 ವರ್ಷ ದಾಟಿದವರಿಗೂ ಅಂಗವಿಕಲರಿಗೂ ದೀರ್ಘ ಕಾಯಿಲೆಯವರಿಗೂ ಮನೆಬಾಗಿಲಿಗೆ ಹಣ ತಲುಪಿಸುವ ಸೇವೆ ಕೊಡಲು ಬ್ಯಾಂಕುಗಳಿಗೆ ತಿಳಿಸಿದೆ. ಕೌಂಟರಿನಲ್ಲಿ ನನ್ನಂಥವನೊಬ್ಬ ‘ರೂಲು ಹಾಗೆ’ ಎಂದರೆ, ‘ರಿಸರ್ವ್ ಬ್ಯಾಂಕಿನ ಸೂಚನೆ ಇದೆಯಂತಲ್ಲ, ಮ್ಯಾನೇಜರನ್ನು ಕಾಣಬೇಕು’ ಎಂದು ಹೇಳಿ ಅಲ್ಲೇ ನಿಲ್ಲಿ.

ಖಾತೆಯನ್ನು ಜಂಟಿ ಮಾಡಿ, ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯುವಂತೆ ಬರೆಸಿಡಿ, ಇಬ್ಬರಿಗೂ ಆರೋಗ್ಯವಿದ್ದಾಗಲೇ. ನಾಮಿನಿ ಇದ್ದಾರಲ್ಲ ಎಂದು ಸುಮ್ಮನಿರಬೇಡಿ, ಖಾತೆದಾರ ಬದುಕಿರುವವರೆಗೆ ನಾಮಿನಿಗೆ ಒಂದು ಪೈಸೆ ತೆಗೆಯುವ ಅಧಿಕಾರವಿಲ್ಲ. ಎಟಿಎಂ ಕಾರ್ಡು ನನ್ನ ಕೈಯಲ್ಲೇ ಇದೆ ಎನ್ನುತ್ತೀರಿ, ಗೊತ್ತು. ಅದು ಬೇರೆಯವರು ಬಳಸುವುದಕ್ಕಲ್ಲ, ತಕರಾರು ಬಂದರೆ ಬ್ಯಾಂಕು ಕೈತೊಳೆದುಕೊಳ್ಳುತ್ತದೆ. ಮುಖ್ತ್ಯಾರು ಪತ್ರವನ್ನೂ ಪ್ರಜ್ಞೆ ಇದ್ದಾಗಲೇ ಕೊಡಬೇಕು, ಕೊಟ್ಟವರ ಬುದ್ಧಿಯ ಸ್ವಾಧೀನ ತಪ್ಪಿದರೆ ಅದು ರದ್ದಾಗುತ್ತದೆ. ಪ್ರಜ್ಞೆಯೇ ಇಲ್ಲದೆ ಮಲಗಿರುವವರ ಆಸ್ತಿ ಹಣ ನೋಡಿಕೊಳ್ಳಲು ಹೈಕೋರ್ಟಿನಿಂದ ಪಾಲಕರ ನೇಮಕ ಆಗಬೇಕಾಗುತ್ತದೆ. ಅದಕ್ಕೆ ಕೇರಳ ಹೈಕೋರ್ಟು 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಪೆನ್ಶನ್‌ದಾರರ ಜೀವಿತ ಪ್ರಮಾಣಪತ್ರಕ್ಕೆ ರೋಗಿಯನ್ನು ಹೊತ್ತೊಯ್ಯಬೇಕಿಲ್ಲ, 2014ರಿಂದ ‘ಜೀವನ್ ಪ್ರಮಾಣ್’ ಇದೆ. ಸರಕಾರದ ಕ್ಷೇಮ ಪೆನ್ಶನ್ನಿನ ಮಸ್ಟರಿಂಗಿಗೂ ಹಾಸಿಗೆ ಹಿಡಿದವರ ಮನೆಗೆ ಅಕ್ಷಯ ಕೇಂದ್ರದವರೇ ಬರುತ್ತಾರೆ, ತಿಳಿಸಿದರೆ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಕಡೆಯ ತಾಯಂದಿರಿಗೆ ಒಂದು ಮಾತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು ನಿಂತದ್ದು 2000ದಲ್ಲಿ. ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ, ಬಾಧಿತರಿಗೆ ತಲಾ ಐದು ಲಕ್ಷ ಕೊಡಲು ಹೇಳಿದ್ದು 2017ರಲ್ಲಿ. ನಿಮಗೆ ಆರೈಕೆಯ ಪಾಠ ಹೇಳಲು ನಾನು ಯಾರು? ಎರಡು ಮೂರು ದಶಕದಿಂದ ಮಾಡುತ್ತ ಬಂದವರು ನೀವು. ಕಾಗದದ ಸಂಗತಿ ಮಾತ್ರ ಹೇಳುತ್ತೇನೆ. ಮಗುವಿಗೆ 18 ತುಂಬಿದ ಮೇಲೆ ಹೆತ್ತವಳೆಂಬ ಕಾರಣಕ್ಕೆ ನೀವು ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯಿಂದ ಪಾಲಕರ ಪತ್ರ ಮಾಡಿಸಬೇಕು. ಅದಿದ್ದರೆ ಬ್ಯಾಂಕಿನಲ್ಲಿ ನಿಮ್ಮ ರುಜು ನಡೆಯುತ್ತದೆ. ನಿಮ್ಮ ಕಾಲಾನಂತರ ಯಾರು ಎಂಬ ಪ್ರಶ್ನೆಗೂ ಅಲ್ಲಿಂದಲೇ ದಾರಿ ತೆರೆಯಬೇಕು.

ಆಸ್ಪತ್ರೆಯಿಂದ ಹೊರಡುವ ದಿನ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಮನೆಯಲ್ಲಿ ನಿಜವಾಗಿ ಕೆಲಸ ಮಾಡುವವರನ್ನು ಒಳಗೆ ಕೂರಿಸಿ, ನೀವು ಬೇಕಾದರೆ ನಿಂತುಕೊಳ್ಳಿ. ಏನು ಕುಡಿಸಬಹುದು, ಏನು ಕುಡಿಸಬಾರದು, ಹೇಗೆ ಮಲಗಿಸಬೇಕು, ಯಾವ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು, ಏನು ಕಂಡರೆ ರಾತ್ರಿಯಾದರೂ ಹೊರಟು ಬರಬೇಕು ಎಂದು ಕೇಳಿ. ಬಾಯಲ್ಲಿ ಹೇಳಿದ್ದು ಸಾಲದು, ಒಮ್ಮೆ ಮಾಡಿ ತೋರಿಸಿ ಎನ್ನಿ. ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೆ ವಾರ್ಡಿನ ಸಿಸ್ಟರರನ್ನು ಕೇಳಿ, ಫಿಸಿಯೋಥೆರಪಿಯವರನ್ನು ಕೇಳಿ. ನಾಚಿಕೆ ಬೇಡ. ನೋಡಿಕೊಳ್ಳುವವರ ಬೆನ್ನು, ನಿದ್ದೆ, ಅವರದೇ ಬಿ.ಪಿ. ಮಾತ್ರೆ ಇವುಗಳ ಬಗ್ಗೆಯೂ ಕೇಳಬೇಕಿತ್ತು. ನಾದಿನಿಗೆ ಸಕ್ಕರೆ ಕಾಯಿಲೆ ಇರುವುದು ನಮಗೆ ಗೊತ್ತಾದದ್ದು ಪಾಲಿಯೇಟಿವ್ ಸಿಸ್ಟರ್ ಒಂದು ದಿನ ಸುಮ್ಮನೆ ಅವಳ ಬೆರಳು ಚುಚ್ಚಿ ನೋಡಿದಾಗ.

ನನ್ನಾಕೆ ಈಗ ಕುರ್ಚಿಯಲ್ಲಿ ಕೂರುತ್ತಾಳೆ, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾಳೆ. ಈ ಭಾಷಣವನ್ನು ಬರೆದು ಮುಗಿಸಿ ನಿನ್ನೆ ರಾತ್ರಿ ಅವಳಿಗೆ ಓದಿ ಹೇಳಿದೆ. ಜೀಪಿನ ಕಥೆ ಬಂದಾಗ ‘ಬೇಡ’ ಎಂದಳು. ತೆಗೆದುಬಿಡಲೇ ಎಂದು ಕೇಳಿದೆ. ಮತ್ತೆ ‘ಬೇಡ’ ಎಂದಳು. ಮುಖ ನೋಡಿದೆ, ಕೈ ನೋಡಿದೆ. ತೆಗೆಯದೆ ಓದಿದ್ದೇನೆ.

ನಾಲ್ಕು ಗಂಟೆಗೆ ಅವಳನ್ನು ಕುರ್ಚಿಯಿಂದ ಎಬ್ಬಿಸಿ ಮಲಗಿಸಬೇಕು, ಅದು ಇಬ್ಬರ ಕೆಲಸ. ಎರಡೂವರೆಯ ಬಸ್ಸು ಹಿಡಿಯಬೇಕಾಗಿದೆ.